ಇಂದುವಿನ ಹೆಸರಲ್ಲಿ ಸ್ನಾನ

ಹೋದ ಚಳಿಗಾಲದಲ್ಲಿ ಅಹಮದಾಬಾದಿಗೆ ಹೋಗಿದ್ದೆ. ಹಳೆಯ ಊರಿನ ಒಂದು ಪೋಳಿನಲ್ಲಿ, ಅಂದರೆ ಒಂದೇ ದೊಡ್ಡ ಬಾಗಿಲಿನೊಳಗೆ ಮನೆಗಳು ಒತ್ತೊತ್ತಾಗಿ ನಿಂತ ಓಣಿಯಲ್ಲಿ, ಗೈಡ್ ಹೆಣ್ಣುಮಗಳೊಬ್ಬಳು ಪ್ರವಾಸಿಗರ ಗುಂಪಿಗೆ ಒಂದು ಮನೆ ತೋರಿಸುತ್ತಿದ್ದಳು. ಆ ಮನೆ ಈಗ ಹೋಟೆಲು. ಒಳಗಿನ ಅಂಗಳದ ನಡುವೆ ಇದ್ದ ಹಿತ್ತಾಳೆ ಮುಚ್ಚಳ ತೆಗೆದು ಗಾಜು ಕೂರಿಸಿ ಕೆಳಗೆ ದೀಪ ಇಳಿಬಿಟ್ಟಿದ್ದಾರೆ. "ಇದು ಮಳೆನೀರಿನ ಟಾಂಕಾ. ಈ ಮನೆಯ ಮಗಳು ಇದರಲ್ಲಿ ಬಿದ್ದು ಸತ್ತಳು. ಒಮ್ಮೆ ಟೀವಿಯವರು ಶೂಟಿಂಗಿಗೆ ಬಂದಾಗ ಅವಳೇ ಬಂದು ಕ್ಯಾಮೆರಾದ ಮುಂದೆ ನೀರು ಸೇದಿದಳು" ಎಂದಳು. ಜನ ಫೋಟೋ ತೆಗೆದುಕೊಂಡರು. ಹಿಂದೆ ನಿಂತಿದ್ದ ನನ್ನ ಮೂಗಿಗೆ ಗಾಜಿನ ಸಂದಿಯಿಂದ ತಣ್ಣನೆಯ ಸುಣ್ಣದ ವಾಸನೆ ಬಂತು. ಆ ವಾಸನೆ ಬಂದಮೇಲೆ ಅಲ್ಲಿಂದ ಸರಿಯಲಾಗಲಿಲ್ಲ. ಆಕೆ ಹೇಳಿದ್ದರಲ್ಲಿ ಅರ್ಧ ಸುಳ್ಳು, ಆದರೆ ಮಗಳು ಬಂದು ನೀರು ಸೇದಿದ್ದು ಮಾತ್ರ ನಿಜ. ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಬಂದವಳು ನಾನೇ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ ಅದು. ನನ್ನ ಗಂಡ ವಿಮಾ ಕಚೇರಿಯಲ್ಲಿದ್ದರು. ಧಾರವಾಡದಿಂದ ಅಹಮದಾಬಾದಿಗೆ ವರ್ಗವಾಗಿತ್ತು. ಅಷ್ಟರಲ್ಲಿ ನಾನು ನಾಲ್ಕಾರು ಐತಿಹಾಸಿಕ ಕಾದಂಬರಿ ಬರೆದಿದ್ದೆ. ಒಂದು ಸಿನಿಮಾ ಆಗಿ, ಓಡದೆ ಮಲಗಿತ್ತು. ಮಲಗಿದರೇನು, ಅದನ್ನು ನೋಡಿದ ಮುಂಬಯಿಯ ತರುಣ ಡೈರೆಕ್ಟರ್ ಒಬ್ಬ, ಹಳೆಯ ಮನೆಗಳ ಕಥೆಗಳದ್ದೇ ಒಂದು ಹಿಂದಿ ಧಾರಾವಾಹಿ ಮಾಡುತ್ತೇನೆ, ಚಿತ್ರಕಥೆ ಬರೆಯಿರಿ ಎಂದು ಕೇಳಿದ. ಹುಡುಗಿಯಾಗಿದ್ದಾಗ ರಾಷ್ಟ್ರಭಾಷೆಯ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ ಹಿಂದಿ ನನ್ನದು, ಅಷ್ಟಕ್ಕೆ ಸಾಕಾಗುತ್ತಿತ್ತು. ಊರು ತಿರುಗುವ ಹುಚ್ಚು ಮೊದಲಿನಿಂದಲೂ ಇತ್ತು. ಸೂರತ್ತಿಗೆ ಹೋದವರು ಸೀರೆ ತರುತ್ತಾರೆ. ನಾನು ಅಲ್ಲಿನ ಅಡಾಜಣ್ ಬಡಾವಣೆಯ ಪರಿಚಯದವರ ಮನೆಯಲ್ಲಿ ಇಳಿದುಕೊಂಡು, ನದಿ ದಾಟಿ, ಹಳೆಯ ಪರದೇಶಿ ವ್ಯಾಪಾರಿಗಳ ಗೋರಿಗಳ ನಡುವೆ ದಿನವಿಡೀ ಕೂತು ಬಂದೆ. "ನಿನಗ ಬದುಕಿದ್ದ ಮಂದೀಕಿಂತ ಸತ್ತವರ ಚಿಂತೀನ ಭಾಳ ಆತು" ಅಂದರು ನಮ್ಮವರು. "ಸತ್ತವರು ಚಹಾ ಬೇಡೂದಿಲ್ರಿ" ಅಂದೆ. ಆಗ ಹಾಗೆ ಮಾತಾಡುವುದು ನನಗೆ ಸಲೀಸಿತ್ತು.

ನಮ್ಮ ಕ್ವಾರ್ಟರ್ಸಿನಲ್ಲಿ ಬರೆಯಲು ಆಗುತ್ತಿರಲಿಲ್ಲ. ನಾಲ್ಕೂ ಕಡೆ ಕುಕ್ಕರ್ ಕೂಗು, ಮೇಲಿನ ಮನೆಯಲ್ಲಿ ಗರ್ಬಾದ ತಾಲೀಮು. ಅದಕ್ಕೇ ಸಾಬರಮತಿಯ ಆಚೆ, ಹಳೆಯ ಊರಿನ ಪೋಳಿನಲ್ಲಿ ಕಾಶಿಬಾ ಅವರ ಮನೆಯ ಮಹಡಿಯ ಕೋಣೆ ಹಿಡಿದೆ. ದಿನಾ ಮುಂಜಾನೆ ಬಸ್ಸಿನಲ್ಲಿ ಹೋಗಿ ಸಂಜೆಯ ಒಳಗೆ ವಾಪಸು. ಬಾ ಅಂದರೆ ಅಲ್ಲಿ ಅಮ್ಮ. ಕಾಶಿಬಾ ಎಪ್ಪತ್ತು ದಾಟಿದ ವಿಧವೆ, ಅಂಗಳದ ತೂಗುಮಣೆಯ ಮೇಲೆ ಕೂತು ಇಡೀ ಮನೆ ನಡೆಸುವಾಕೆ. ಮಗ ರಮಣಿಕಭಾಯಿ, ಅವರ ಹೆಂಡತಿ, ಇಷ್ಟೇ ಮನೆಮಂದಿ. ರಮಣಿಕಭಾಯಿಗೆ ಬಟ್ಟೆ ಅಂಗಡಿ. ದಿನಾ ಒಂದೇ ಹೊತ್ತಿಗೆ ಊಟಕ್ಕೆ ಬರುವರು, ತಾಯಿಯ ಕಾಲು ಮುಟ್ಟುವರು, ಊಟ ಮಾಡುವರು, ಹೋಗುವರು. ಮಾತು ಬಹಳ ಕಡಿಮೆ. ನನಗಂತೂ ಅವರನ್ನು ಕಂಡರೆ ಅಂಜಿಕೆ.

ಮಘಾ ಮಳೆ ಬರುವ ಮೊದಲು ಪೋಳಿನ ಮನೆಮನೆಯಲ್ಲೂ ಗಡಿಬಿಡಿ. ನಮ್ಮ ಕಡೆ ನೀರಿನ ಟಾಕಿ ಅಂದರೆ ಮನೆಯ ತಲೆಯ ಮೇಲಿರುತ್ತದೆ. ಅಲ್ಲಿ ಅಂಗಳದ ಕೆಳಗೆ ಒಂದು ಕೋಣೆಯಷ್ಟು ದೊಡ್ಡ ಟಾಂಕಾ. ಮೊದಲ ಮಳೆಗಳ ನೀರನ್ನೆಲ್ಲ ಹೊರಗೆ ಬಿಟ್ಟು, ಮಾಳಿಗೆ ತೊಳೆದು, ಮಘೆಯ ನೀರನ್ನು ಮಾತ್ರ ಒಳಗೆ ಬಿಡುತ್ತಾರೆ. ಆ ನೀರು ವರ್ಷವಿಡೀ ಕೆಡುವುದಿಲ್ಲವಂತೆ. "ನಿಮ್ಮ ಕಡೆಯೂ ಮಘಾ ಮಳೆ ಅಂತಾರಾ?" ಎಂದು ಕಾಶಿಬಾ ಕೇಳಿದರು. ಅಂತೇವೆ, ಆಮೇಲೆ ಹುಬ್ಬೆ, ಉತ್ತರೆ, ಹಸ್ತೆ ಎಂದು ಎಣಿಸಿ ಹೇಳಿದೆ. ಆಕೆಗೆ ಖುಷಿಯೋ ಖುಷಿ. "ಹಾಗಾದರೆ ನೀನು ನಮ್ಮವಳೇ" ಅಂದರು. ಆದರೆ ಅವರ ಮನೆಯ ಟಾಂಕಾಕ್ಕೆ ಬೀಗ ಹಾಕಿತ್ತು. ಮಘೆಯ ನೀರು ಅವರ ಮನೆಯಲ್ಲಿ ಹಿಡಿಯುತ್ತಿರಲಿಲ್ಲ.

ಯಾಕೆ ಅಂತ ಎದುರು ಮನೆಯ ಹೆಂಗಸು ಹೇಳಿದಳು. ಕಾಶಿಬಾಗೆ ಇಂದು ಅಂತ ಮಗಳಿದ್ದಳಂತೆ. ಮದುವೆ ಗೊತ್ತಾದ ವರ್ಷ ಮಘಾ ಮಳೆಯಲ್ಲಿ ಟಾಂಕಾ ನೋಡಲು ಬಗ್ಗಿದವಳು ಒಳಗೆ ಹೋದಳಂತೆ. ಈಗಲೂ ಮಳೆಗಾಲದಲ್ಲಿ ನೀರು ಸೇದುತ್ತಾಳಂತೆ. ಆಕೆ ಇದನ್ನು ಹೇಳುವಾಗ ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದಳು, ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಅದಾದಮೇಲೆ ಮಹಡಿಯಲ್ಲಿ ಕೂತು ಬರೆಯುವಾಗ ನನಗೂ ಕೇಳತೊಡಗಿತು. ನಡುಮಧ್ಯಾಹ್ನ, ಮಳೆ ಒಂದಿಷ್ಟು ನಿಂತ ಹೊತ್ತಿನಲ್ಲಿ, ಕೆಳಗಿನಿಂದ ಕೊಡ ಕಲ್ಲಿಗೆ ತಾಗಿದ ಸದ್ದು. ಇಳಿದು ನೋಡಿದರೆ ಅಂಗಳ ಖಾಲಿ, ಬೀಗ ಹಾಕಿದ ಹಾಗೇ ಇದೆ, ಕಾಶಿಬಾ ತೂಗುಮಣೆಯ ಮೇಲೆ ಎಚ್ಚರವಾಗಿ ಕೂತಿದ್ದಾರೆ. "ಏನಾದರೂ ಕೇಳಿತಾ?" ಎಂದು ಕೇಳುವರು. ಇಲ್ಲ ಅನ್ನುತ್ತಿದ್ದೆ. ಮೈ ಜುಮ್ಮೆನ್ನುತ್ತಿತ್ತು, ಜೊತೆಗೆ ಕಥೆ ಸಿಕ್ಕಿತೆಂದು ಒಳಗೊಳಗೇ ಹಿಗ್ಗು ಬೇರೆ.

ಕಥೆ ಬರೆದೆ. ಸತ್ತ ಮಗಳು ಮಘಾ ಮಳೆಯಲ್ಲಿ ಬಂದು ಟಾಂಕಾದಿಂದ ನೀರು ಸೇದಿ ನಿಲ್ಲುತ್ತಾಳೆ, ತಾಯಿ ಅವಳಿಗೆ ಕುಡಿಯಲು ನೀರು ಕೊಡುತ್ತಾಳೆ. ಡೈರೆಕ್ಟರ್ ಕುಣಿದಾಡಿದ. ಇದೇ ಮನೆಯಲ್ಲಿ ತೆಗೆಯೋಣ, ತಾಯಿಯ ಪಾತ್ರ ಆ ಅಜ್ಜಿಯೇ ಮಾಡಲಿ ಎಂದ. ರಮಣಿಕಭಾಯಿ ಒಪ್ಪಲಾರರು ಎಂದುಕೊಂಡೇ ಕೇಳಿದೆ. ಅವರು ಕಥೆಯನ್ನು ಪೂರ್ತಿ ಕೇಳಿ, "ಮದುವೆ ಗೊತ್ತಾಗಿತ್ತು ಅನ್ನುವುದನ್ನೂ ಹಾಕಿ. ಒಳ್ಳೆಯ ಮನೆತನದ ವರ" ಎಂದರು. ಒಪ್ಪಿದರು ಎಂಬ ಸಂತೋಷದಲ್ಲಿ ಆ ಮಾತು ವಿಚಿತ್ರ ಅನ್ನಿಸಲಿಲ್ಲ. ಕಾಶಿಬಾ ಕೇಳಿದ್ದು ಬೇರೆ. "ಮುಚ್ಚಳ ತೆಗೆಯುತ್ತೀರಾ?" ಹೌದು ಎಂದೆ. "ಹಾಗಾದರೆ ಬೇಗ ತೆಗೆಯಿರಿ. ನನ್ನ ಕಣ್ಣು ಹೋಗುತ್ತಿದೆ. ದೀಪಾವಳಿ ಹೊತ್ತಿಗೆ ಪೂರಾ ಕತ್ತಲೆ ಅಂದಿದ್ದಾರೆ ಡಾಕ್ಟರು." ಆಗಲೇ ಆಕೆ ಎದುರಿದ್ದವರ ಮುಖವನ್ನು ಬೆಳಕಿನ ಕಡೆ ತಿರುಗಿಸಿ, ತೀರ ಹತ್ತಿರಕ್ಕೆ ಬಗ್ಗಿ ನೋಡುತ್ತಿದ್ದರು.

ಅದೇ ವಾರ ಇನ್ನೊಂದು ಕಂತಿನ ಸಲುವಾಗಿ ಹಳೆಯ ಪುಸ್ತಕ ನೋಡಲು ವಡೋದರಾಕ್ಕೆ ಹೋದೆ. ಫತೇಗಂಜ್‌ನಲ್ಲಿ, ಯೂನಿವರ್ಸಿಟಿಯ ಹುಡುಗರು ಗಿಜಿಗುಟ್ಟುವ ಬೀದಿಯಲ್ಲಿ, ಕಾಫಿಯ ವಾಸನೆ ಮೂಗು ಹಿಡಿದು ಎಳೆಯಿತು. ಚಿಕ್ಕದೊಂದು ಉಡುಪಿ ಹೋಟೆಲು. ಒಳಗಿನಿಂದ ಗಂಡಸೊಬ್ಬ, "ಇಂದಕ್ಕನ ಹತ್ರ ಕೇಣಿ" ಎಂದು ಕುಂದಾಪುರದ ಕನ್ನಡದಲ್ಲಿ ಕೂಗಿದ್ದು ಕೇಳಿ ನನಗೆ ತವರಿಗೆ ಬಂದಷ್ಟು ಸಮಾಧಾನ. ಇಡ್ಲಿ ಪೊಟ್ಟಣ ಕಟ್ಟುತ್ತಿದ್ದ ದುಂಡನೆಯ ಹೆಂಗಸು ತಲೆಯೆತ್ತಿ, "ಎಂತ ಬೇಕು ಅಕ್ಕ? ಕೂತ್ಕಣಿ" ಅಂದಳು. ಕರಾವಳಿಯವಳೇ ಎಂದುಕೊಂಡೆ. ಕನ್ನಡದವರು ಸಿಕ್ಕರೆ ನನ್ನ ಬಾಯಿಗೆ ಬ್ರೇಕಿಲ್ಲ. ಪೋಳು, ಮಹಡಿಯ ಕೋಣೆ, ಕಾಶಿಬಾ, ಎಲ್ಲ ಹೇಳಿದೆ.

ಅವಳು ದಾರ ಕಟ್ಟುತ್ತಿದ್ದವಳು ನಿಲ್ಲಿಸಿದಳು. "ಆ ಅಜ್ಜಿ ಕಣ್ಣು ಹ್ಯಾಂಗಿತ್ತಕ್ಕ?"

ಕಣ್ಣಿನ ಮಾತು ನಾನು ಎತ್ತಿರಲೇ ಇಲ್ಲ. "ನಿಮಗೆ ಹ್ಯಾಂಗ ಗೊತ್ತು?" ಎಂದೆ.

"ಆ ಮನೆ ಹೆಂಗಸ್ರಿಗೆಲ್ಲ ವಯಸ್ಸಾದ್ಮೇಲೆ ಕಣ್ಣು ಹೋಪ್ದೇ. ಟಾಂಕಾದ ನೀರು ಈಗ್ಲೂ ಕುಡೀತ್ರಾ?"

"ಇಲ್ಲ. ಆ ಮನೆಯ ಮಗಳು ಅದರೊಳಗೆ ಬಿದ್ದು ಸತ್ತಾಳಂತ. ಇಂದು ಅಂತ ಹೆಸರು." ಹೆಸರು ಹೇಳಿದಮೇಲೆ, ಆಗಷ್ಟೇ ಒಳಗಿನಿಂದ ಕೂಗಿದ 'ಇಂದಕ್ಕ' ನೆನಪಾಯಿತು.

ಅವಳು ನಕ್ಕಳು. "ಸತ್ತವ್ಳು ನಾನೇ ಅಕ್ಕ. ಕಾಫಿ ತಣ್ಣಗಾತು, ಕುಡೀರಿ."

ಕಾಫಿ ಕುಡಿದೆನೋ ಇಲ್ಲವೋ ನೆನಪಿಲ್ಲ. ಗೋರಿಗಳ ನಡುವೆ ಒಬ್ಬಳೇ ಓಡಾಡಿದಾಗ ಬಾರದ ಹೆದರಿಕೆ ಆ ಹಾಡುಹಗಲಲ್ಲಿ, ಸಾಂಬಾರಿನ ಬಕೆಟ್ಟುಗಳ ನಡುವೆ ಬಂತು. ದಿನಗಟ್ಟಲೆ ನಾನು ಕಿವಿಗೊಟ್ಟು ಕೂತ ಆ ಹುಡುಗಿ ನಲವತ್ತು ದಾಟಿ, ಎಡಗೈಯಿಂದ ನನ್ನ ಮುಂದೆ ಚಟ್ನಿಯ ಬಟ್ಟಲು ಸರಿಸುತ್ತಿದ್ದಳು.

ನಡೆದದ್ದು ಇಷ್ಟು. ಇಪ್ಪತ್ತು ವರ್ಷದ ಹಿಂದೆ, ಅಹಮದಾಬಾದಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಕುಂದಾಪುರದ ಶೀನನನ್ನು ಮೆಚ್ಚಿ ಇಂದು ಮನೆ ಬಿಟ್ಟಳು. ಮರುದಿನ ರಮಣಿಕಭಾಯಿ ಟಾಂಕಾದ ನೀರೆಲ್ಲ ಮೇಲೆತ್ತಿಸಿ, ಮನೆಮಂದಿಯನ್ನು ಅಂಗಳದಲ್ಲಿ ನಿಲ್ಲಿಸಿ, ಅವಳ ಹೆಸರಲ್ಲಿ ತಲೆಗೆ ಸ್ನಾನ ಮಾಡಿಸಿ, ಬರಿದಾದ ಟಾಂಕಾಕ್ಕೆ ಬೀಗ ಜಡಿದರು. ಸತ್ತವರಿಗೆ ಮಾಡುವ ಸ್ನಾನ. ಹಾಗೆ ಮಾಡಿದರೆ ಅವಳಿಗೂ ಮನೆಗೂ ಇದ್ದ ಋಣ ಹರಿಯಿತು ಅಂತ ಲೆಕ್ಕ. ಪೋಳಿನ ಹಿರಿಯರಿಗೆಲ್ಲ ಇದು ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಬಂದ ಸೊಸೆಯಂದಿರು, ಮಕ್ಕಳು, ಸ್ನಾನ ಮತ್ತು ಬೀಗ ಎರಡನ್ನೇ ಕೇಳಿ ಉಳಿದ ಕಥೆಯನ್ನು ತಾವೇ ಕಟ್ಟಿಕೊಂಡರು. ನನಗೆ ಕೇಳಿದ ಕೊಡದ ಸದ್ದೂ ಒತ್ತಿನ ಮನೆಯದ್ದೇ ಇದ್ದೀತು. ಓಡಿಹೋದ ತಂಗಿಗಿಂತ ನೀರಿಗೆ ಬಿದ್ದ ತಂಗಿ ರಮಣಿಕಭಾಯಿಗೂ ಹಗುರಾಗಿದ್ದಳು.

ಅಹಮದಾಬಾದಿಗೆ ಮರಳಿ, ಮಗ ಅಂಗಡಿಗೆ ಹೋದದ್ದನ್ನು ನೋಡಿ, ಕಾಶಿಬಾಗೆ ಹೇಳಿದೆ. ನಿಮ್ಮ ಮಗಳ ಕೈಯ ಕಾಫಿ ಕುಡಿದು ಬಂದೆ ಅಂತ. ತೂಗುಮಣೆ ನಿಂತಿತು. "ದಪ್ಪಗಾಗಿದ್ದಾಳಾ?" ಎಂದು ಕೇಳಿದರು.

"ಆಗಿದ್ದಾಳೆ."

"ಒಳ್ಳೆಯದು." ಸೆರಗಿನಿಂದ ಮೂಗು ಒರೆಸಿಕೊಂಡರು.

ನಾಳೆಯೇ ರೈಲು ಹತ್ತೋಣ, ಮಧ್ಯಾಹ್ನದ ಒಳಗೆ ನೋಡಿಕೊಂಡು ಬರೋಣ ಎಂದೆ. ಆಕೆ ತಲೆಯಾಡಿಸಿದರು. ಆ ಸ್ನಾನದ ದಿನ ಮಗ ತಾಯಿಯ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು ಆಣೆ ಮಾಡಿಸಿದ್ದರು. ಅವಳ ಹೊಸ್ತಿಲು ತುಳಿಯುವುದಿಲ್ಲ, ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅವಳ ಕೈಗೆ ನೀರು ಕೊಡುವುದಿಲ್ಲ. "ಆಣೆ ಮುರಿದರೆ ಅವನ ತಲೆಗೆ ಬರುತ್ತದೆ. ಅವನೂ ನನ್ನ ಹೊಟ್ಟೆಯವನೇ ಅಲ್ಲವಾ ಬೇಟಾ" ಅಂದರು. ಕಣ್ಣು ಹೋಗುವ ಮೊದಲು ಒಮ್ಮೆ ಮಗಳನ್ನು ನೋಡಬೇಕು, ಅದೊಂದೇ ಆಸೆ, ಅದೊಂದನ್ನೇ ಮಾಡುವ ಹಾಗಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.

ಆಣೆಗೆ ಆಣೆಯ ದಾರಿಯಲ್ಲೇ ಹೋಗಬೇಕು ಎಂದು ಹೊಳೆದದ್ದು ಬಸ್ಸಿನಲ್ಲಿ. ಮತ್ತೆ ಫತೇಗಂಜಿಗೆ ಹೋಗಿ ಇಂದುವಿನ ಎದುರು ಶೂಟಿಂಗಿನ ಮಾತು ತೆಗೆದೆ. ನಾನು ಪೂರ್ತಿ ಹೇಳುವ ಮೊದಲೇ ಅವಳು, "ಆ ಭೂತದ ಪಾತ್ರ ಯಾರು ಮಾಡೂದಕ್ಕ?" ಎಂದಳು. ಶೀನಣ್ಣ ಒಳಗಿನಿಂದ ಸೌಟು ಹಿಡಿದೇ ಬಂದ. "ಬೇಡ ಮಾರಾಯ್ರೇ. ಅವ್ಳಣ್ಣ ಗುರ್ತು ಹಿಡಿದು ಕೈ ಮಾಡಿದ್ರೆ ಎಂತ ಮಾಡೂದು?" ಇಂದು ಅವನ ಕಡೆ ನೋಡದೆ, "ಸತ್ತವ್ರಿಗೆ ಎಂತ ಮಾಡ್ತಾನೆ" ಅಂದಳು.

ನಮ್ಮವರಿಗೆ ಹೇಳಿದಾಗ, "ನಿನಗೇನು ಹುಚ್ಚ ಹಿಡದದೇನ? ಮಂದಿ ಮನ್ಯಾಗಿನ ಹುಣ್ಣು ಕೆರಿಲಿಕ್ಕೆ ಹೊಂಟೀಯಲ್ಲ" ಎಂದು ಬೈದರು. ಬೈದು, ಚಪ್ಪಲಿ ಮೆಟ್ಟಿ ಓಣಿಯ ತುದಿಯ ತನಕ ಹೋಗಿ ಬಂದು, "ಆಟೋ ಪೋಳಿನ ಬಾಗಿಲ ತನಕ ಒಯ್ರಿ. ನಡಕೋತ ಹೋದ್ರ ಯಾರರ ಮಾತಾಡಸ್ತಾರ" ಅಂದರು. ಗಾಬರಿಯಾದಾಗ ಮಾತ್ರ ಅವರು ನನಗೆ ಬಹುವಚನ ಹಚ್ಚುತ್ತಿದ್ದರು.

ಚಿತ್ರಕಥೆ ತಿದ್ದಿದೆ. ತಾಯಿ ಮಗಳಿಗೆ ನೀರು ಕೊಡುವ ಬದಲು ಮಗಳೇ ತಾಯಿಗೆ ಕುಡಿಸುತ್ತಾಳೆ. ಹೆಸರು ಕರೆಯುವುದಿಲ್ಲ. ಹೊಸ್ತಿಲು ತುಳಿಯುವ ಪ್ರಶ್ನೆ ಇಲ್ಲ, ಭೂತವೇ ಮನೆಗೆ ಬರುತ್ತದೆ. ಡೈರೆಕ್ಟರನಿಗೆ, ಪೋಳಿನಲ್ಲಿ ಬೆಳೆದ ಹೆಂಗಸು ಸಿಕ್ಕಿದ್ದಾಳೆ, ಟಾಂಕಾದಿಂದ ನೀರು ಸೇದಿ ಗೊತ್ತಿದೆ ಎಂದಷ್ಟೇ ಹೇಳಿದೆ. ಸತ್ತ ಹುಡುಗಿ ಇಷ್ಟು ವಯಸ್ಸಾದವಳಾ ಎಂದು ಅವನು ತಕರಾರು ತೆಗೆದ. ಭೂತಕ್ಕೂ ವಯಸ್ಸಾಗುತ್ತದೆ, ತಾಯಿಯ ಜೊತೆಜೊತೆಗೇ ಆಗುತ್ತದೆ ಎಂದೆ. ಬಾಯಿಗೆ ಬಂದದ್ದನ್ನು ಅಂದದ್ದು, ಅವನಿಗೆ ಅದು ಭಾರಿ ಹಿಡಿಸಿತು. ಕಾಶಿಬಾಗೆ ಮಾತ್ರ ಏನೂ ಹೇಳಲಿಲ್ಲ. ಮೊದಲೇ ತಿಳಿದರೆ ಆಕೆ ಆಣೆಗೆ ಹೆದರಿ ಒಳಗೆ ಹೋಗಿಬಿಡುವರು ಅಂತ ನನ್ನ ಲೆಕ್ಕ.

ಶೂಟಿಂಗಿನ ದಿನ ಮಘಾ ಮಳೆ ಬಂದು ಬಂದು ನಿಲ್ಲುತ್ತಿತ್ತು. ಪೋಳಿನ ಬಾಗಿಲಲ್ಲಿ ಶೀನಣ್ಣ ಇಳಿದು ನಿಂತ. ಇಂದು ಸೆರಗನ್ನು ಮೂಗಿನ ತನಕ ಎಳೆದುಕೊಂಡು ನನ್ನ ಜೊತೆ ಒಳಗೆ ನಡೆದಳು. ಎಲ್ಲಿ ಕಲ್ಲು ಎದ್ದಿದೆ, ಎಲ್ಲಿ ಮೋರಿ ಇದೆ ಎಂದು ನೋಡದೆಯೇ ಗೊತ್ತಿತ್ತು ಅವಳ ಕಾಲಿಗೆ. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಆ ನಡಿಗೆ ನೋಡಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕರೆತಂದವಳು ನಾನು, ಜೀವಂತ ಹೆಂಗಸು ಎಂದು ಬಲ್ಲವಳು ನಾನು. ಆದರೂ ಆ ಹೊತ್ತಿನಲ್ಲಿ ಅವಳ ಕೈ ಹಿಡಿದುಕೊಳ್ಳಲು ನನಗೆ ಧೈರ್ಯವಾಗಲಿಲ್ಲ.

ಅಂಗಳದಲ್ಲಿ ಬೀಗ ತೆಗೆದರು. ಮುಚ್ಚಳ ಸರಿಸಿದಾಗ ಬಂದ ಗಾಳಿಗೆ ಲೈಟಿನವನು ಕೂಡ ಒಂದು ಹೆಜ್ಜೆ ಹಿಂದೆ ಸರಿದ. ವರ್ಷಗಟ್ಟಲೆ ಬರಿದಾಗಿದ್ದ ಟಾಂಕಾಕ್ಕೆ ಎದುರು ಮನೆಯ ನೀರನ್ನು ಹತ್ತಾರು ಕೊಡ ಸುರಿಸಿದರು. ಸುತ್ತಲಿನ ಮಹಡಿಗಳಲ್ಲೆಲ್ಲ ಜನ. ರಮಣಿಕಭಾಯಿ ಅಂಗಡಿ ಮುಚ್ಚಿ, ಸಫಾರಿ ಸೂಟ್ ಹಾಕಿಕೊಂಡು ಕಂಬದ ಹತ್ತಿರ ನಿಂತಿದ್ದರು. ಡೈರೆಕ್ಟರ್ 'ಆ್ಯಕ್ಷನ್' ಎಂದ. ಇಂದು ಬಂದು, ಬಗ್ಗಿ, ಹಗ್ಗ ಇಳಿಬಿಟ್ಟು, ಎಡಗೈಯಿಂದ ಸೇದತೊಡಗಿದಳು.

ತೂಗುಮಣೆಯ ಮೇಲಿನ ಕಾಶಿಬಾ ಮಂಜಾದ ಕಣ್ಣನ್ನು ಕಿರಿದು ಮಾಡಿ ಆ ಕೈಯನ್ನೇ ನೋಡಿದರು. ಆಮೇಲೆ, ಚಿತ್ರಕಥೆಯಲ್ಲಿ ಇಲ್ಲದ ಮಾತು ಅವರ ಬಾಯಿಂದ ಬಂತು. "ಎಡಗೈಯಲ್ಲಿ ಸೇದಬೇಡ ಅಂತ ಎಷ್ಟು ಸಲ ಹೇಳಬೇಕು ನಿನಗೆ."

ಡೈರೆಕ್ಟರ್ 'ಕಟ್' ಎಂದು ಚಪ್ಪಾಳೆ ತಟ್ಟಿದ. "ವಾಹ್ ಬಾ, ಎಂಥ ಡೈಲಾಗ್. ಇದನ್ನು ಇಡೋಣ."

ಬೆಳಕು ಕಡಿಮೆಯಾಯಿತು, ಇನ್ನೊಮ್ಮೆ ತೆಗೆಯಿರಿ ಎಂದೆ ನಾನು. ತೆಗೆದರು. ಹಗ್ಗದ ಸದ್ದು ಸರಿ ಬರಲಿಲ್ಲ ಎಂದೆ. ಮತ್ತೆ ತೆಗೆದರು. ಒಂದು ಟೇಕಿನಲ್ಲಿ ಕಾಶಿಬಾ ನೀರು ಕುಡಿದು ಮಗಳ ಮಣಿಕಟ್ಟು ಹಿಡಿದುಕೊಂಡರು. ಇನ್ನೊಂದರಲ್ಲಿ ಸೆರಗು ಸರಿಸಿ, ಎರಡೂ ಕೈಯಲ್ಲಿ ಮುಖ ಹಿಡಿದು ಬೆಳಕಿಗೆ ತಿರುಗಿಸಿದರು. ಭೂತವನ್ನು ಮುಟ್ಟಲು ಬರುವುದಿಲ್ಲ ಎಂದು ಅಸಿಸ್ಟೆಂಟ್ ಆಕ್ಷೇಪಿಸಿದ. ತಾಯಿಗೆ ಬರುತ್ತದೆ ಎಂದು ಅವನ ಬಾಯಿ ಮುಚ್ಚಿಸಿದೆ. ಇಂದು ಅತ್ತುಬಿಟ್ಟಳು. "ಭೂತ ಅಳಬಾರದು ಬೆಹೆನ್‌ಜಿ" ಎಂದ ಡೈರೆಕ್ಟರ್. ಅವಳು ಕಣ್ಣೊರೆಸಿಕೊಂಡು, "ಸಾರಿ ಸಾಬ್, ಮತ್ತೊಮ್ಮೆ ಮಾಡುತ್ತೇನೆ" ಎಂದಳು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಕಂತು ಟೀವಿಯಲ್ಲಿ ಬಂತು. ಆ ದೃಶ್ಯ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದುಹೋಯಿತು. ಪೋಳಿನ ಹಿರಿಯರು ಆಗಲೂ ಬಾಯಿ ಬಿಡಲಿಲ್ಲ, ಕಿರಿಯರು ನಟಿಯ ಮೈಮೇಲೆ ಇಂದು ಬಂದಿದ್ದಳು ಎಂದು ತೀರ್ಮಾನಿಸಿ ಟಾಂಕಾಕ್ಕೆ ಬಳೆ ಅರಿಸಿನ ಇಟ್ಟರು. ಕಾಶಿಬಾಗೆ ದೀಪಾವಳಿಯ ದೀಪ ಕಾಣಲಿಲ್ಲ. ನಮಗೆ ವರ್ಗವಾದ ಮೇಲೆ ಆಕೆ ತೀರಿಕೊಂಡ ಸುದ್ದಿ ಬಂತು. ಇಂದುವನ್ನು ಯಾರೂ ಕರೆಯಲಿಲ್ಲ. ಫತೇಗಂಜಿನ ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು, ಅಮ್ಮನ ಹೆಸರಲ್ಲಿ ತಲೆಗೆ ನೀರು ಹಾಕಿಕೊಂಡೆ ಅಕ್ಕ ಎಂದು ಫೋನಿನಲ್ಲಿ ಹೇಳಿದಳು. ಇದೆಲ್ಲ ನೆನಪಾದರೆ ದುಃಖವಾಗುತ್ತದೆ, ಆದರೆ ನನ್ನನ್ನು ಕಾಡುವುದು ಇದಲ್ಲ. ಕಾಡುವುದು ಆ ಸಂಜೆಯ ಕೊನೆ.

ಡೈರೆಕ್ಟರನ ತಾಳ್ಮೆ ಮುಗಿದಿತ್ತು. ಟೇಪೂ ಮುಗಿದಿತ್ತು. "ಬಸ್, ಪ್ಯಾಕಪ್" ಎಂದ. ಇಂದು ಕೊಡವನ್ನು ನೆಲಕ್ಕಿಟ್ಟು ಸೆರಗು ಎಳೆದುಕೊಂಡಳು. ಕಾಶಿಬಾ ಕೈ ಇನ್ನೂ ಗಾಳಿಯಲ್ಲೇ ಚಾಚಿದ್ದರು. ಅಷ್ಟರಲ್ಲಿ ರಮಣಿಕಭಾಯಿ ಕಂಬ ಬಿಟ್ಟು ಮುಂದೆ ಬಂದರು. ಮೊದಲ ಟೇಕಿನಲ್ಲೇ ಆ ಎಡಗೈ ಅವರಿಗೂ ಕಂಡಿತ್ತು ಎಂದು ನನಗೆ ಆಗ ತಿಳಿಯಿತು. ನಾನು ಇಂದುವಿನ ಮುಂದೆ ಹೋಗಿ ಅಡ್ಡ ನಿಂತೆ. ಅವರು ನನ್ನ ಕಡೆಯಾಗಲಿ, ತಂಗಿಯ ಕಡೆಯಾಗಲಿ ನೋಡಲಿಲ್ಲ. ಡೈರೆಕ್ಟರನಿಗೆ ಹೇಳಿದರು, "ಸಾಹೇಬ್, ಬೆಳಕು ಸಾಲಲಿಲ್ಲ. ಬಾಗೆ ಸರಿಯಾಗಿ ಕಂಡಿಲ್ಲ. ಇನ್ನೊಮ್ಮೆ ಮಾಡಿ."

"ಟೇಪ್ ಇಲ್ಲ, ಭಾಯಿ."

"ಇಲ್ಲದಿದ್ದರೆ ಇಲ್ಲದೆಯೇ ಮಾಡಿ."

ಡೈರೆಕ್ಟರ್ ನನ್ನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ. ಏನು ಅರ್ಥವಾಯಿತೋ, ಲೈಟು ಹಾಕಿಸಿದ. ರಮಣಿಕಭಾಯಿ ಬೆಳಕು ತಿರುಗಿಸುವ ಬಿಳಿಯ ಥರ್ಮೋಕೋಲ್ ಹಾಳೆಯನ್ನು ಹುಡುಗನ ಕೈಯಿಂದ ತೆಗೆದುಕೊಂಡು, ತೂಗುಮಣೆಯ ಪಕ್ಕದಲ್ಲಿ ಮಂಡಿಯೂರಿ ಕೂತು, ತಂಗಿಯ ಮುಖದ ಮೇಲೆ ಬೆಳಕು ಬೀಳುವ ಹಾಗೆ ಹಿಡಿದರು. ಅವರ ಮುಖ ಗೋಡೆಯ ಕಡೆಗಿತ್ತು. ಡೈರೆಕ್ಟರ್ ಮೆಲ್ಲಗೆ 'ಆ್ಯಕ್ಷನ್' ಎಂದ. ಇಂದು ಮತ್ತೆ ನೀರು ಸೇದಿದಳು, ಕುಡಿಸಿದಳು, ಕಾಶಿಬಾ ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮಳೆ ಶುರುವಾಯಿತು. ಯಾರೂ ಕಟ್ ಅನ್ನಲಿಲ್ಲ.